ತೆರೆದ ಬಾಗಿಲಿನ ಚರಿತ್ರೆ: ಮೈಸೂರಿನ ದಿವಾನರು ಮತ್ತು ಒಬ್ಬ ಯಹೂದಿ ನಿರಾಶ್ರಿತ

1942ರ ಜೂನ್ 12ರಂದು ಹಾಲೆಂಡಿನ ಆಮ್‌ಸ್ಟರ್‌ಡಾಮ್ ನಗರದಲ್ಲಿ 13 ವರ್ಷ ತುಂಬಿದ ಬಾಲಕಿಯೊಬ್ಬಳಿಗೆ ಹುಟ್ಟುಹಬ್ಬದ ಉಡುಗೊರೆಯಾಗಿ ಒಂದು ದಿನಚರಿ ಪುಸ್ತಕ ದೊರೆಯಿತು. ಒಂದು ತಿಂಗಳು ತುಂಬುವುದರೊಳಗೆ ಆಕೆ ತನ್ನ ತಂದೆತಾಯಿ ಮತ್ತು ಅಕ್ಕನೊಂದಿಗೆ, ತಂದೆಯ ಕಚೇರಿಯ ಹಿಂಭಾಗದ ಕೋಣೆಗಳಲ್ಲಿ ಅಡಗಿಕೊಳ್ಳಬೇಕಾಯಿತು. ಬಳಿಕ ಇನ್ನೂ ನಾಲ್ವರು ಅಲ್ಲಿಗೆ ಬಂದು ಸೇರಿದರು. ಎರಡು ವರ್ಷಕ್ಕೂ ಹೆಚ್ಚು ಕಾಲ ಎಂಟು ಜೀವಗಳು ಹಗಲಲ್ಲಿ ಸದ್ದು ಮಾಡದೆ ಅಲ್ಲಿ ಬದುಕಿದವು. 1944ರ ಆಗಸ್ಟ್ 4ರಂದು ಅವರೆಲ್ಲರ ಬಂಧನವಾಯಿತು. 1945ರ ಆರಂಭದ ತಿಂಗಳುಗಳಲ್ಲಿ ಆ ಬಾಲಕಿ ಬೆರ್ಗೆನ್-ಬೆಲ್ಸೆನ್ ಶಿಬಿರದಲ್ಲಿ ಮೃತಪಟ್ಟಳು. ಎಂಟು ಮಂದಿಯಲ್ಲಿ ಬದುಕುಳಿದವರು ಆಕೆಯ ತಂದೆ ಒಬ್ಬರೇ. 1947ರಲ್ಲಿ ಅವರು ಪ್ರಕಟಿಸಿದ ಮಗಳ ದಿನಚರಿಯನ್ನು ಇಂದು ಜಗತ್ತು ‘ಆನ್ ಫ್ರಾಂಕ್‌ಳ ದಿನಚರಿ’ ಎಂದು ಓದುತ್ತದೆ.

ಈ ಕಥೆಯಲ್ಲಿ ನಾವು ಸಾಮಾನ್ಯವಾಗಿ ಗಮನಿಸದ ಸಂಗತಿಯೊಂದಿದೆ. ಆನ್ ಹಾಲೆಂಡಿನವಳಲ್ಲ. ಆಕೆ ಹುಟ್ಟಿದ್ದು ಜರ್ಮನಿಯ ಫ್ರಾಂಕ್‌ಫರ್ಟ್‌ನಲ್ಲಿ. 1933ರಲ್ಲಿ ಹಿಟ್ಲರ್ ಅಧಿಕಾರಕ್ಕೆ ಬಂದಾಗ ಆಕೆಯ ಕುಟುಂಬ ಹುಟ್ಟೂರನ್ನು ತೊರೆದು ಹಾಲೆಂಡನ್ನು ಆಶ್ರಯಿಸಿತು. ನೆರೆಯ ನಾಡೂ ಸುರಕ್ಷಿತವಲ್ಲವೆಂದು ಅರಿವಾದಾಗ ತಂದೆ ಅಮೆರಿಕಕ್ಕೆ ಹೋಗಲು 1938ರಲ್ಲಿ ಒಮ್ಮೆ, 1941ರಲ್ಲಿ ಮತ್ತೊಮ್ಮೆ ಪ್ರಯತ್ನಿಸಿದರು. ಅನುಮತಿ ದೊರೆಯಲಿಲ್ಲ. ಬಾಗಿಲು ಮುಚ್ಚಿದ್ದು ಅವರೊಬ್ಬರ ಪಾಲಿಗಲ್ಲ. 1938ರ ಜುಲೈಯಲ್ಲಿ ಫ್ರಾನ್ಸಿನ ಏವಿಯಾನ್ ಎಂಬಲ್ಲಿ 32 ರಾಷ್ಟ್ರಗಳ ಪ್ರತಿನಿಧಿಗಳು ಯಹೂದಿ ನಿರಾಶ್ರಿತರ ವಿಷಯವಾಗಿ ಸಭೆ ಸೇರಿದ್ದರು. ಎಲ್ಲರೂ ಮರುಕ ವ್ಯಕ್ತಪಡಿಸಿದರು. ದೊಡ್ಡ ಸಂಖ್ಯೆಯಲ್ಲಿ ನಿರಾಶ್ರಿತರನ್ನು ಬರಮಾಡಿಕೊಳ್ಳಲು ಮುಂದಾದದ್ದು ಡೊಮಿನಿಕನ್ ಗಣರಾಜ್ಯವೆಂಬ ಸಣ್ಣ ದೇಶ ಮಾತ್ರ. ನಾಝಿಗಳ ಕೈಯಲ್ಲಿ ಸುಮಾರು 60 ಲಕ್ಷ ಯಹೂದಿಯರು ಹತರಾದರು. ಅವರಲ್ಲಿ ಸುಮಾರು 15 ಲಕ್ಷ ಮಂದಿ ಮಕ್ಕಳು. ಕೊಂದವರ ಅಪರಾಧ ಘೋರವಾದುದು. ಆದರೆ ಬಾಗಿಲು ಮುಚ್ಚಿದವರ ಪಾಲನ್ನೂ ಚರಿತ್ರೆ ಮರೆಯುವಂತಿಲ್ಲ.

ಅದೇ ವರ್ಷಗಳಲ್ಲಿ ನಮ್ಮ ಮೈಸೂರು ಸಂಸ್ಥಾನದಲ್ಲಿ ಒಂದು ಬಾಗಿಲು ಮುಚ್ಚಿತು, ಮತ್ತೊಂದು ತೆರೆಯಿತು. ಈ ಎರಡನ್ನೂ ನಮ್ಮ ಮಕ್ಕಳು ತಿಳಿದಿರಬೇಕು.

ಮುಚ್ಚಿದ ಬಾಗಿಲಿನ ಕಥೆ ಬೆಂಗಳೂರಿನದು. ಮ್ಯಾಕ್ಸ್ ಬಾರ್ನ್ ಆ ಕಾಲದ ಶ್ರೇಷ್ಠ ಭೌತವಿಜ್ಞಾನಿಗಳಲ್ಲಿ ಒಬ್ಬರು. ಯಹೂದಿ ಮೂಲದವರೆಂಬ ಒಂದೇ ಕಾರಣಕ್ಕೆ 1933ರಲ್ಲಿ ಜರ್ಮನಿಯ ಗಟಿಂಗೆನ್ ವಿಶ್ವವಿದ್ಯಾಲಯದ ಹುದ್ದೆಯನ್ನು ಕಳೆದುಕೊಂಡರು. 1935ರಲ್ಲಿ ಸರ್ ಸಿ.ವಿ. ರಾಮನ್ ಅವರು ಬಾರ್ನ್ ಅವರನ್ನು ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಗೆ ಆಹ್ವಾನಿಸಿದರು. ಪತ್ನಿಯೊಡನೆ ಬಂದ ಬಾರ್ನ್ ಸುಮಾರು ಆರು ತಿಂಗಳು ಇಲ್ಲಿ ನೆಲೆಸಿದ್ದರು. ಅವರಿಗೆ ಇಲ್ಲಿಯೇ ಶಾಶ್ವತ ಪ್ರಾಧ್ಯಾಪಕ ಹುದ್ದೆ ಕೊಡಿಸಬೇಕೆಂಬುದು ರಾಮನ್ ಅವರ ಆಸೆಯಾಗಿತ್ತು. ಆದರೆ ಸಂಸ್ಥೆಯ ಸಭೆಯೊಂದರಲ್ಲಿ ಒಬ್ಬ ಇಂಗ್ಲಿಷ್ ಪ್ರಾಧ್ಯಾಪಕರು ಎದ್ದುನಿಂತು, ಸ್ವಂತ ದೇಶದಿಂದ ಹೊರದಬ್ಬಲ್ಪಟ್ಟ ಎರಡನೆಯ ದರ್ಜೆಯ ವಿದೇಶೀಯನು ತಮಗೆ ಬೇಡವೆಂಬ ಅರ್ಥದ ಮಾತನ್ನು ಬಾರ್ನ್ ಅವರ ಎದುರಿನಲ್ಲಿಯೇ ಆಡಿದರು. ಆ ಅವಮಾನವನ್ನು ಬಾರ್ನ್ ತಮ್ಮ ಆತ್ಮಕಥೆಯಲ್ಲಿ ದಾಖಲಿಸಿದ್ದಾರೆ. ಹುದ್ದೆ ದೊರೆಯಲಿಲ್ಲ. 1936ರಲ್ಲಿ ಅವರು ಸ್ಕಾಟ್ಲೆಂಡಿನ ಎಡಿನ್‌ಬರೋಗೆ ಹೋದರು. ಆ ‘ಎರಡನೆಯ ದರ್ಜೆಯ’ ವಿಜ್ಞಾನಿಗೆ 1954ರಲ್ಲಿ ನೊಬೆಲ್ ಪ್ರಶಸ್ತಿ ಬಂತು.

ಆದರೆ ಬೆಂಗಳೂರಿನ ಆ ಕೆಲವು ತಿಂಗಳುಗಳು ವ್ಯರ್ಥವಾಗಲಿಲ್ಲ. ಆ ಅವಧಿಯಲ್ಲಿ ಬಾರ್ನ್ ಅವರಿಗೆ ಮೈಸೂರಿನ ದಿವಾನರಾಗಿದ್ದ ಸರ್ ಮಿರ್ಝಾ ಇಸ್ಮಾಯೀಲ್ ಅವರ ಪರಿಚಯವಾಗಿತ್ತು. ಆ ಪರಿಚಯವು ಮುಂದೆ ಬಾರ್ನ್ ಅವರ ತಂಗಿಯ ಮಗನಿಗೆ ನೆರವಾಯಿತು.

ಆ ಯುವಕನ ಹೆಸರು ಓಟೊ ಕೋನಿಗ್ಸ್‌ಬರ್ಗರ್. 1908ರಲ್ಲಿ ಬರ್ಲಿನ್‌ನಲ್ಲಿ ಜನಿಸಿ, ಅಲ್ಲಿಯೇ ವಾಸ್ತುಶಿಲ್ಪ ಕಲಿತು, 1933ರಲ್ಲಿ ಪ್ರತಿಷ್ಠಿತ ಶಿಂಕೆಲ್ ಬಹುಮಾನ ಪಡೆದಿದ್ದ ಪ್ರತಿಭಾವಂತ. ಅದೇ ವರ್ಷ ನಾಝಿಗಳು ಅಧಿಕಾರಕ್ಕೆ ಬಂದಾಗ ಬಹುಮಾನವಾಗಲಿ ಪದವಿಯಾಗಲಿ ಅವರನ್ನು ಕಾಯಲಿಲ್ಲ. ತಾಯ್ನಾಡನ್ನು ಬಿಟ್ಟು ಈಜಿಪ್ಟಿಗೆ ಹೋದರು. ಅಲ್ಲಿ ಪುರಾತನ ಕಟ್ಟಡಗಳ ಸಂಶೋಧನೆಯಲ್ಲಿ ತೊಡಗಿ, ಪ್ರಾಚೀನ ಈಜಿಪ್ಟಿನ ಬಾಗಿಲುಗಳನ್ನು ಹೇಗೆ ನಿರ್ಮಿಸುತ್ತಿದ್ದರೆಂಬ ವಿಷಯವಾಗಿ ಪ್ರೌಢ ಪ್ರಬಂಧ ಬರೆದರು. 1939ರಲ್ಲಿ ಮೈಸೂರು ಸರಕಾರ ಅವರನ್ನು ಸರಕಾರಿ ವಾಸ್ತುಶಿಲ್ಪಿಯಾಗಿ ನೇಮಿಸಿಕೊಂಡಿತು. ಅದೇ ಸೆಪ್ಟೆಂಬರಿನಲ್ಲಿ ಯುರೋಪಿನಲ್ಲಿ ಮಹಾಯುದ್ಧ ಆರಂಭವಾಯಿತು.

ಈ ನೇಮಕಾತಿ ನಡೆದ ಆಡಳಿತದ ರೂಪವನ್ನು ಒಮ್ಮೆ ಗಮನಿಸಿರಿ. ಸಿಂಹಾಸನದಲ್ಲಿದ್ದವರು ಹಿಂದೂ ಮಹಾರಾಜರಾದ ನಾಲ್ವಡಿ ಕೃಷ್ಣರಾಜ ಒಡೆಯರ್. ದಿವಾನರು ಒಬ್ಬ ಮುಸ್ಲಿಮರು. ಆಶ್ರಯ ಪಡೆದವರು ಒಬ್ಬ ಯಹೂದಿ. ಮಿರ್ಝಾ ಇಸ್ಮಾಯೀಲ್ ಬಾಲ್ಯದಲ್ಲಿ ಮಹಾರಾಜರ ಸಹಪಾಠಿಯಾಗಿದ್ದವರು. 1926ರಿಂದ 1941ರವರೆಗೆ ದಿವಾನಗಿರಿ ನಡೆಸಿದರು. ಅವರ ತಾತ ಆಗಾ ಅಲಿ ಅಸ್ಕರ್ 1824ರಲ್ಲಿ ಪರ್ಷಿಯಾದ ಶಿರಾಝ್‌ನಿಂದ ಕುದುರೆಗಳನ್ನು ತಂದು ಮಾರಲು ಬೆಂಗಳೂರಿಗೆ ಬಂದು, ಇಲ್ಲಿಯೇ ನೆಲೆಯೂರಿದವರು. ಹೊರಗಿನಿಂದ ಬಂದವನಿಗೆ ಈ ಮಣ್ಣು ಜಾಗ ಕೊಡಬಲ್ಲದು, ಅವನ ಮೊಮ್ಮಗನು ಈ ನಾಡಿನ ಅತ್ಯುನ್ನತ ಹೊಣೆಯನ್ನೂ ಹೊರಬಲ್ಲನು ಎಂಬುದಕ್ಕೆ ದಿವಾನರ ಸ್ವಂತ ಮನೆತನವೇ ಸಾಕ್ಷಿಯಾಗಿತ್ತು. ಅವರ ಆಡಳಿತ ಟೀಕೆಗೆ ಹೊರತಾಗಿರಲಿಲ್ಲ. 1938ರ ವಿದುರಾಶ್ವತ್ಥದ ಗೋಲಿಬಾರ್ ನಡೆದದ್ದು ಅವರ ಕಾಲದಲ್ಲಿಯೇ. ಆದರೆ ಲೋಕದ ಹಲವು ಸರಕಾರಗಳು ನಿರಾಶ್ರಿತನನ್ನು ಹೊರೆಯೆಂದು ಕಂಡ ವರ್ಷದಲ್ಲಿ ಅವರು ಅವನಲ್ಲಿ ಒಬ್ಬ ಕಟ್ಟುವವನನ್ನು ಕಂಡರು.

ಕೋನಿಗ್ಸ್‌ಬರ್ಗರ್ ಆ ನಂಬಿಕೆಯನ್ನು ಉಳಿಸಿಕೊಂಡರು. ಬೆಂಗಳೂರಿನ ವಿಕ್ಟರಿ ಹಾಲ್ ಅವರದು. ಬಾರ್ನ್ ಅವರಿಗೆ ಬಾಗಿಲು ಮುಚ್ಚಿದ ಅದೇ ವಿಜ್ಞಾನ ಸಂಸ್ಥೆಯ ಆವರಣದಲ್ಲಿ ಅವರ ಸೋದರಳಿಯ ಕಟ್ಟಡಗಳನ್ನು ರೂಪಿಸಿದರು. ಬಿಸಿಲು, ಮಳೆ, ಗಾಳಿಯ ದಿಕ್ಕು ಇವುಗಳನ್ನು ಅರಿತು ಕಡಿಮೆ ಖರ್ಚಿನಲ್ಲಿ ತಂಪಾದ ಕಟ್ಟಡ ಕಟ್ಟುವ ವಿದ್ಯೆಯನ್ನು ಅವರು ಅಭ್ಯಾಸ ಮಾಡಿದ್ದು ನಮ್ಮ ನಾಡಿನಲ್ಲಿಯೇ. ಮುಂದೆ ಜಮ್‌ಶೆಡ್‌ಪುರದ ಅಭಿವೃದ್ಧಿ ಯೋಜನೆಯನ್ನೂ, 1948ರಲ್ಲಿ ಭುವನೇಶ್ವರ ನಗರದ ಯೋಜನೆಯನ್ನೂ ಸಿದ್ಧಪಡಿಸಿದರು. ಅದೇ ವರ್ಷ ನೆಹರೂ ಅವರ ಸರಕಾರದಲ್ಲಿ ವಸತಿ ನಿರ್ದೇಶಕರಾದರು. ದೇಶ ವಿಭಜನೆಯಲ್ಲಿ ಮನೆಮಾರು ಕಳೆದುಕೊಂಡು ಬಂದ ಲಕ್ಷಾಂತರ ಜನರಿಗೆ ಸೂರು ಒದಗಿಸುವ ಹೊಣೆ ಹೊತ್ತ ಅಧಿಕಾರಿಗಳಲ್ಲಿ ಅವರೂ ಒಬ್ಬರು. ಹೀಗೆ ಆಶ್ರಯ ಪಡೆದವನು ಆಶ್ರಯ ಕೊಡುವ ಕೆಲಸಕ್ಕೆ ನಿಂತನು. 1951ರಲ್ಲಿ ಇಂಗ್ಲೆಂಡಿಗೆ ತೆರಳಿ, ಬಿಸಿಲುನಾಡುಗಳ ವಾಸ್ತುಶಿಲ್ಪವನ್ನು ಅನೇಕ ದೇಶಗಳ ವಿದ್ಯಾರ್ಥಿಗಳಿಗೆ ಬೋಧಿಸಿ, 1999ರಲ್ಲಿ ನಿಧನರಾದರು.

ಆಶ್ರಯ ಬೇಡಿ ಬಂದವನನ್ನು ಕಾಪಾಡುವುದು ಮುಸ್ಲಿಮನಿಗೆ ಹೊಸ ಪಾಠವಲ್ಲ. ಮಕ್ಕಾದ ಪೀಡನೆಯನ್ನು ತಾಳಲಾರದೆ ಪ್ರವಾದಿವರ್ಯರ(ಸ) ಅನುಚರರು ಅಬಿಸೀನಿಯಾಕ್ಕೆ ಹೋದಾಗ ಅವರಿಗೆ ಆಶ್ರಯ ನೀಡಿದ್ದು ನಜ್ಜಾಶಿ ಎಂಬ ಕ್ರೈಸ್ತ ಅರಸ. ಅವರನ್ನು ಮರಳಿ ಒಪ್ಪಿಸಬೇಕೆಂದು ಕುರೈಶರ ದೂತರು ಉಡುಗೊರೆಗಳೊಂದಿಗೆ ಬಂದರು. ಅರಸನು ಜಅ್‌ಫರ್ ಬಿನ್ ಅಬೂತಾಲಿಬ್(ರ) ಅವರ ಮಾತನ್ನು ಸಾವಧಾನವಾಗಿ ಆಲಿಸಿ, ಒಪ್ಪಿಸಲು ನಿರಾಕರಿಸಿದನು. ನಮ್ಮ ಚರಿತ್ರೆಯ ಮೊದಲ ಪುಟಗಳಲ್ಲಿಯೇ ನಾವು ನಿರಾಶ್ರಿತರು. ಅನ್ಯಧರ್ಮೀಯನ ನ್ಯಾಯಪ್ರಜ್ಞೆಯಿಂದ ಉಳಿದವರು.

ಇಲ್ಲಿ ಒಂದು ಪ್ರಶ್ನೆ ನಮ್ಮ ಮನೆಗಳಲ್ಲಿ ಏಳುವುದುಂಟು. ಫೆಲೆಸ್ತೀನಿನ ಮಕ್ಕಳು ಪಡುತ್ತಿರುವ ಸಂಕಟವನ್ನು ಕಂಡ ಮೇಲೂ ಯಹೂದಿಯರ ಸಂಕಟದ ಕಥೆಯನ್ನು ನಮ್ಮ ಮಕ್ಕಳು ಏಕೆ ಓದಬೇಕು? ಪ್ರಶ್ನೆಯ ಹಿಂದಿರುವ ನೋವು ಸಾಚಾ. ಆದರೆ ಒಬ್ಬರ ಹೊರೆಯನ್ನು ಇನ್ನೊಬ್ಬರು ಹೊರುವುದಿಲ್ಲವೆಂಬುದು, ಒಂದು ಜನಾಂಗದ ಮೇಲಿನ ಕೋಪವು ನಮ್ಮನ್ನು ನ್ಯಾಯದಿಂದ ಸರಿಸಬಾರದೆಂಬುದು ಪವಿತ್ರ ಕುರ್‌ಆನಿನ ಬೋಧನೆ. 1945ರಲ್ಲಿ ಶಿಬಿರದಲ್ಲಿ ಸತ್ತ ಬಾಲಕಿಯು ಆನಂತರ ಯಾವ ರಾಷ್ಟ್ರ ಮಾಡಿದ ಯಾವ ಕೃತ್ಯಕ್ಕೂ ಉತ್ತರದಾಯಿಯಲ್ಲ. ಆಕೆಗಾಗಿ ಮರುಗುವ ಹೃದಯವು ಗಾಝಾದ ಮಗುವಿಗಾಗಿ ಇನ್ನೂ ಹೆಚ್ಚು ಮರುಗುತ್ತದೆಯೇ ಹೊರತು ಕಡಿಮೆಯಲ್ಲ. ಒಂದು ಮಗುವಿನ ಮರಣವನ್ನು ಅಲ್ಲಗಳೆದು ಇನ್ನೊಂದು ಮಗುವಿಗೆ ನ್ಯಾಯ ಕೇಳಲು ಸಾಧ್ಯವಿಲ್ಲ.

ಇನ್ನೊಂದು ವಿಚಾರವನ್ನೂ ಪ್ರಾಮಾಣಿಕವಾಗಿ ಹೇಳಬೇಕು. ಕೋನಿಗ್ಸ್‌ಬರ್ಗರ್ ಅವರಿಗೆ ಬಾಗಿಲು ತೆರೆದದ್ದು ದಯೆಯೊಂದರಿಂದಲೇ ಅಲ್ಲ. ಅವರ ಬಳಿ ವಿದ್ಯೆಯಿತ್ತು, ಬಹುಮಾನವಿತ್ತು, ದಿವಾನರನ್ನು ಬಲ್ಲ ಸೋದರಮಾವನಿದ್ದರು. ಆನ್ ಎಂಬ ಬಾಲಕಿಯ ಬಳಿ ಇದ್ದದ್ದು ಒಂದು ದಿನಚರಿ ಪುಸ್ತಕ ಮಾತ್ರ. ನಮಗೆ ಉಪಯೋಗಕ್ಕೆ ಬರುವವನಿಗಷ್ಟೇ ಆಶ್ರಯವೆಂದರೆ, ಮಕ್ಕಳೂ ವೃದ್ಧರೂ ರೋಗಿಗಳೂ ಬಾಗಿಲ ಹೊರಗೇ ಉಳಿಯುತ್ತಾರೆ. ಮಿರ್ಝಾ ಅವರ ಕಾರ್ಯವನ್ನು ಗೌರವಿಸುವಾಗ ನಾವು ಅಲ್ಲಿಗೇ ನಿಲ್ಲದೆ, ಅದಕ್ಕಿಂತ ಒಂದು ಹೆಜ್ಜೆ ಮುಂದೆ ಯೋಚಿಸಬೇಕಾಗಿದೆ.

ಮೈಸೂರಿನವರಿಗೆ ಮಿರ್ಝಾ ಅವರ ಹೆಸರು ಅಪರಿಚಿತವಲ್ಲ. ನಜರಬಾದಿನ ಮಿರ್ಝಾ ರಸ್ತೆಯಲ್ಲಿ ನಾವು ದಿನವೂ ಓಡಾಡುತ್ತೇವೆ. ಬಿಡುವಿನ ದಿನ ಮಕ್ಕಳನ್ನು ಬೃಂದಾವನಕ್ಕೆ ಕರೆದೊಯ್ಯುತ್ತೇವೆ. ಆ ಉದ್ಯಾನವು ದಿವಾನರ ಸೌಂದರ್ಯದೃಷ್ಟಿಯ ಫಲವೆಂದು ಹೇಳುತ್ತೇವೆ. ಮುಂದಿನ ಬಾರಿ ಹೋದಾಗ ಇದನ್ನೂ ಹೇಳೋಣ: 1939ರಲ್ಲಿ ಅವರ ಸರಕಾರ, ಲೋಕಕ್ಕೆ ಬೇಡವಾಗಿದ್ದ ಒಬ್ಬ ಯಹೂದಿ ಯುವಕನಿಗೆ ಉದ್ಯೋಗವನ್ನೂ ನೆಲೆಯನ್ನೂ ನೀಡಿತು. ಆತ ಬದುಕಿದನು, ತೊಂಬತ್ತು ವರ್ಷ ಬಾಳಿದನು. ಅಡಗುತಾಣದ ದಿನಚರಿ ಬರೆಯುವ ಪ್ರಸಂಗ ಅವನಿಗೆ ಬರಲಿಲ್ಲ. ಮಕ್ಕಳ ಕೈಗೆ ಆನ್‌ಳ ದಿನಚರಿಯನ್ನು ಕೊಡುವ ದಿನ, ಅದರ ಜೊತೆಗೆ ಈ ಸಂಗತಿಯನ್ನೂ ಹೇಳುವುದು ನಮ್ಮ ಕರ್ತವ್ಯವಾಗಿದೆ.