ನಕಾಶೆಯಲ್ಲಿ ಇಲ್ಲದ ಕೇರಿ



ಮಸ್ಕಿಯ ಅಶೋಕನ ಶಾಸನ ಬೆಳಕಿಗೆ ಬಂದದ್ದು 1915ರಲ್ಲಿ. ಕಂಡದ್ದು ಇತಿಹಾಸ ಹುಡುಕಿದವರಿಗಲ್ಲ, ಚಿನ್ನ ಹುಡುಕುತ್ತಿದ್ದ ಗಣಿ ಎಂಜಿನಿಯರ್ ಸಿ. ಬೀಡನ್‌ಗೆ. ದೊಡ್ಡವರಷ್ಟೇ ಅಲ್ಲ, ಸಣ್ಣವರೂ ಧರ್ಮದಿಂದ ಆ ಎತ್ತರ ಮುಟ್ಟಬಹುದು ಅನ್ನೋದು ಆ ಶಾಸನದ ಸಾರ. ಊರ ಪಕ್ಕದ ಗುಡ್ಡದಲ್ಲೇ ಇದ್ದ ಇಂಥ ಮಾತು ದಾಖಲೆಗೆ ಬರೋಕೆ ಚಿನ್ನದ ಆಸೆ ಬೇಕಾಯ್ತು.

ಭೂಮಿ ಅಳೆದ ಇತಿಹಾಸವೆಲ್ಲ ಹೀಗೇ. ನಿಜಾಮರ ಕಾಲದಲ್ಲಿ ಹೊಲ ಅಳೆದದ್ದು ಕಂದಾಯಕ್ಕೆ. ಹೊಲಕ್ಕೆ ಸರ್ವೆ ನಂಬರ್ ಬಂತು, ಹಳ್ಳಕ್ಕೆ ಗೆರೆ ಬಂತು. ಜನ ಬಾಳುವ ಊರು ಮಾತ್ರ 'ಗ್ರಾಮಠಾಣಾ' ಅನ್ನೋ ಒಂದೇ ತುಂಡು. ಅದರೊಳಗೆ ನಮ್ಮ ಕೇರಿ ಎಲ್ಲೈತಿ ಅಂತ ನಕಾಶೆ ಹೇಳಲಿಲ್ಲ. 1905ರವರೆಗೆ ಲಿಂಗಸೂಗೂರೇ ಒಂದು ಜಿಲ್ಲೆ. ಆಮೇಲೆ ರಾಯಚೂರಿನ ತಾಲ್ಲೂಕಾಯ್ತು. ಮೊನ್ನೆ ಮೊನ್ನೆ ಮಸ್ಕಿ ಹೊಸ ತಾಲ್ಲೂಕಾಯ್ತು. ಗಡಿ ಇಷ್ಟು ಸಲ ಬದಲಾದರೂ ಕೇರಿ ಊರ ಹೊರಗೇ ಉಳೀತು. ಹಳ್ಳಿ ಮನೆಗಳನ್ನು ಡ್ರೋನ್‌ನಿಂದ ಅಳೆಯುವ ಸ್ವಾಮಿತ್ವ ಯೋಜನೆ ಶುರುವಾದದ್ದೇ 2020ರಲ್ಲಿ.

ಈಗ ಜಿಐಎಸ್ ವಿಷಯಕ್ಕೆ ಬರ್ತೀನಿ. 1960ರ ದಶಕದಲ್ಲಿ ರೋಜರ್ ಟಾಮ್ಲಿನ್ಸನ್ ಕೆನಡಾ ಸರ್ಕಾರದ ಭೂಮಿ ಲೆಕ್ಕಕ್ಕೆ ಕಟ್ಟಿದ ತಂತ್ರ ಇದು. ಒಂದೇ ಜಾಗದ ಮೇಲೆ ರಸ್ತೆ, ನೀರಿನ ಪೈಪು, ಮನೆ, ಹಿಡುವಳಿ ಹೀಗೆ ಪದರ ಪದರವಾಗಿ ಮಾಹಿತಿ ಹಾಸಿ ನೋಡೋದು. ಒಂದೊಂದೇ ಕಾಗದದಲ್ಲಿ ಕಾಣದ್ದು ಒಟ್ಟಿಗಿಟ್ಟಾಗ ಕಾಣ್ತದೆ.

ಏನು ಕಾಣ್ತದೆ? ಅಮೆರಿಕದ ಓಹಾಯೋದಲ್ಲಿ ಜೇನ್ಸ್‌ವಿಲ್ ನಗರದ ಅಂಚಿಗೆ ಕೋಲ್ ರನ್ ಅಂತ ಒಂದು ಕೇರಿ. ಹೆಚ್ಚಿನವರು ಕಪ್ಪು ಜನ. ಸುಮಾರು ಐವತ್ತು ವರ್ಷ ಅವರಿಗೆ ನಲ್ಲಿ ನೀರು ಕೊಡಲಿಲ್ಲ. ಮಳೆನೀರು ಹಿಡಿದು, ದೂರದಿಂದ ಹೊತ್ತು ತಂದು ಬದುಕಿದರು. ನೀರಿನ ಸಂಪರ್ಕ ಇರುವ ಮನೆ, ಆ ಮನೆಯವರ ಜನಾಂಗ, ಎರಡನ್ನೂ ಒಂದೇ ನಕಾಶೆಯಲ್ಲಿಟ್ಟು ಕೋರ್ಟಿಗೆ ತೋರಿಸಿದರು. ಪೈಪು ಎಲ್ಲಿ ನಿಂತಿದೆ, ಯಾಕೆ ನಿಂತಿದೆ ಅನ್ನೋದು ಕಣ್ಣಿಗೆ ರಾಚಿತು. 2008ರಲ್ಲಿ 67 ಜನರಿಗೆ ಸುಮಾರು 1 ಕೋಟಿ 9 ಲಕ್ಷ ಡಾಲರ್ ಪರಿಹಾರ ಕೊಡಬೇಕೆಂದು ಜ್ಯೂರಿ ಹೇಳಿತು.

ನಮ್ಮ ಮಂದಿಗೆ ಈ ಜ್ಞಾನ ಇಲ್ಲವೇ? ಐತಿ. ನಲ್ಲಿ ಎಲ್ಲಿಗೆ ನಿಲ್ತದೆ, ಹೆಣ ಯಾರ ಹೊಲದ ಬದುವಿನ ಮೇಲೆ ಹೋಗಬೇಕು, ಸಿಂಧನೂರಿನಲ್ಲಿ ಭತ್ತ ತುಂಬಿ ನಿಂತಾಗ ತುಂಗಭದ್ರಾ ಎಡದಂಡೆ ಕಾಲುವೆಯ ಕೊನೆ ಭಾಗಕ್ಕೆ ಎಷ್ಟು ನೀರು ಬರ್ತದೆ, ಎಲ್ಲಾ ನಮ್ಮ ಹಿರಿಯರಿಗೆ ಗೊತ್ತು. ಆದರೆ ಬಾಯಿಮಾತು ಕಡತ ಆಗೋದಿಲ್ಲ. ನಾನು ಕಚೇರಿ ಗುಮಾಸ್ತ. ಅರ್ಜಿ ಹೇಗೆ ಹಿಂದಕ್ಕೆ ಬರ್ತದೆ ಅಂತ ಬಲ್ಲೆ. "ಸರ್ವೆ ನಂಬರ್ ಎಷ್ಟು? ನಕ್ಷೆ ಎಲ್ಲಿ?" ಅಷ್ಟೇ ಸಾಕು. ಮಂಜೂರಾದ ಎಷ್ಟೋ ಜಮೀನಿಗೆ ಪೋಡಿ ಆಗಿಲ್ಲ. ಪಹಣಿಯಲ್ಲಿ ಹೆಸರಿದ್ದರೂ ನಕಾಶೆಯಲ್ಲಿ ಗೆರೆ ಇಲ್ಲ. 1978ರ ಪಿಟಿಸಿಎಲ್ ಕಾಯ್ದೆ ಕೈಯಲ್ಲಿದ್ದರೂ ಜಾಗ ತೋರಿಸೋಕೆ ಒದ್ದಾಡಬೇಕು.

ಅದಕ್ಕೇ ಓದುವ ಹುಡುಗ ಹುಡುಗಿಯರಿಗೆ ಹೇಳೋದು: ಜಿಐಎಸ್ ಕಲೀರಿ. ಕ್ಯೂಜಿಐಎಸ್ ತಂತ್ರಾಂಶ ಪುಕ್ಕಟೆ. ಸರ್ಕಾರದ ದಿಶಾಂಕ್ ಆ್ಯಪ್ ನಿಂತ ಜಾಗದ ಸರ್ವೆ ನಂಬರ್ ತೋರಿಸ್ತದೆ. ಮೊದಲು ಮೂರು ಪದರ ಸಾಕು: ನಲ್ಲಿ, ಸ್ಮಶಾನ ಮತ್ತು ಅದರ ದಾರಿ, ಮಂಜೂರಾದ ಜಮೀನು. ಹಿರಿಯರನ್ನು ಜೊತೆಗೆ ಕರಕೊಂಡು ನಡೀರಿ. ಅವರು ಬೆರಳು ತೋರಿದ ಕಡೆ ಗುರುತು ಹಾಕಿರಿ.

ಬಾಬಾಸಾಹೇಬರು 'ಶಿಕ್ಷಣ' ಅಂದದ್ದರಲ್ಲಿ ಇದೂ ಸೇರ್ತದೆ. ನಮ್ಮ ಕೇರಿಯ ಗೆರೆ ನಾವೇ ಎಳೀಬೇಕು.

ಜೈ ಭೀಮ್.