ಮಂಜುಗಡ್ಡೆಗೆ ಬಡಗಿಯ ಬೈರಿಗೆ

ಬಡಗಿಯ ಕೈಯಲ್ಲಿದ್ದ ಬೈರಿಗೆ ಮೀನು ಹಿಡಿಯುವವನ ಕೈಗೆ ಬಂದದ್ದು ಹೇಗೆ ಎಂದು ಯಾರಾದರೂ ಕೇಳಿದರೆ ನಮ್ಮಲ್ಲಿ ಅದನ್ನು ಒಗಟೆಂದೇ ತಿಳಿದಾರು. ಅಮೆರಿಕದ ಮಿನ್ನೆಸೋಟ, ವಿಸ್ಕಾನ್ಸಿನ್ ಕಡೆಯವರಿಗಾದರೋ ಅದು ಒಗಟಲ್ಲ. ಜನವರಿಯ ಒಂದು ಭಾನುವಾರ ಅಲ್ಲಿಯ ಹೆಪ್ಪುಗಟ್ಟಿದ ಸರೋವರದ ಮೇಲೆ ಗೃಹಸ್ಥನೊಬ್ಬ ಸಣ್ಣ ಜಾರುಬಂಡಿಯನ್ನು ಎಳೆದುಕೊಂಡು ಬರುತ್ತಾನೆ. ಬಂಡಿಯಲ್ಲಿ ಗಾಳದ ಕೋಲು, ಕೂರಲು ಒಂದು ಡಬ್ಬ, ಫ್ಲಾಸ್ಕಿನಲ್ಲಿ ಕಾಫಿ. ಇವುಗಳ ಜೊತೆಗೆ, ಹಿಂದಿನ ದಿನ ಮನೆಯ ಗೋಡೆಗೆ ಅಲಮಾರು ಕೂರಿಸಲು ಬಳಸಿದ ತಂತಿಯಿಲ್ಲದ ವಿದ್ಯುತ್ ಬೈರಿಗೆ, ಅಂದರೆ ಕಾರ್ಡ್‌ಲೆಸ್ ಡ್ರಿಲ್. ನಿನ್ನೆ ಪೆನ್ಸಿಲಿನಷ್ಟು ದಪ್ಪದ ಕೊರೆಗಡ್ಡಿಯನ್ನು ಕಚ್ಚಿದ್ದ ಅದರ ಬಾಯಿಗೆ ಇಂದು ಮೂರು ಅಡಿ ಉದ್ದದ, ಆರೋ ಎಂಟೋ ಅಂಗುಲ ಅಗಲದ ಉಕ್ಕಿನ ಸುರುಳಿಯೊಂದನ್ನು ಸಿಕ್ಕಿಸುತ್ತಾನೆ. ಗುಂಡಿ ಒತ್ತಿದೊಡನೆ ತೆಂಗಿನ ತುರಿಯಂತೆ ಬೆಳ್ಳನೆಯ ಪುಡಿ ಸುತ್ತಲೂ ರಾಶಿ ಬೀಳುತ್ತದೆ. ಒಂದು ನಿಮಿಷವಾಗುವುದರೊಳಗೆ ಕಪ್ಪು ನೀರು ಉಕ್ಕುತ್ತದೆ. ಬೋಂಡ ತೆಗೆಯುವ ಜಾಲರಿಯಂಥ ತೂತಿನ ಸೌಟಿನಿಂದ ಚೂರುಗಳನ್ನು ಬಳಿದು ಹಾಕಿ ಅವನು ಗಾಳ ಇಳಿಬಿಡುತ್ತಾನೆ.

ಈ ಒಂದು ನಿಮಿಷದ ಹಿಂದೆ ಸಾವಿರಾರು ವರ್ಷಗಳ ಕೈಕಸುಬಿದೆ. ಅದನ್ನು ಹೇಳುವ ಮುನ್ನ, ಹೆಪ್ಪುಗಟ್ಟಿದ ಕೆರೆಯಲ್ಲಿ ಮೀನು ಬದುಕಿರುವುದಾದರೂ ಹೇಗೆಂಬ ಶಂಕೆಯನ್ನು ಪರಿಹರಿಸಬೇಕು. ನೀರು 4 ಡಿಗ್ರಿ ಸೆಲ್ಸಿಯಸ್ಸಿನಲ್ಲಿ ಅತ್ಯಂತ ಭಾರವಾಗಿರುತ್ತದೆ. ಅದಕ್ಕಿಂತ ತಣ್ಣಗಾದರೆ ಹಗುರಾಗಿ ಮೇಲೇಳುತ್ತದೆ. ಆದುದರಿಂದ ಕೆರೆ ಮೇಲಿನಿಂದ ಕೆಳಕ್ಕೆ ಗಟ್ಟಿಯಾಗುತ್ತ ಹೋಗುತ್ತದೆಯೇ ಹೊರತು ತಳದಿಂದ ಮೇಲಕ್ಕಲ್ಲ. ಗಡ್ಡೆ ತೇಲುವ ಮುಚ್ಚಳವಾಗಿ ಕೂತು ಕೆಳಗಿನ ನೀರನ್ನು ಕಾಯುತ್ತದೆ. ಮೀನುಗಳು ಆ ಮುಚ್ಚಳದಡಿಯಲ್ಲಿ ಮಂದವಾಗಿ ಬಾಳುತ್ತಿರುತ್ತವೆ. ನೆಲದ ಮೇಲೆ ಏನೂ ಬೆಳೆಯದ ತಿಂಗಳುಗಳಲ್ಲಿ ಉತ್ತರದ ಜನಕ್ಕೆ ಅದೊಂದು ಉಗ್ರಾಣವಾಗಿತ್ತು. ಬೀಗ ಒಡೆಯುವುದೇ ಕಷ್ಟ.

ಆ ಬೀಗಕ್ಕೆ ಮೊದಲ ಕೀಲಿಕೈ ಉಳಿ. ಧ್ರುವಪ್ರದೇಶದ ಇನ್ಯೂಟ್ ಜನ ಕೊಂಬು, ಮೂಳೆ, ವಾಲ್ರಸ್ ಪ್ರಾಣಿಯ ದಂತ ಇವುಗಳಿಂದ ಮೊನೆ ಮಾಡಿ ಉದ್ದನೆಯ ಕೋಲಿಗೆ ಕಟ್ಟಿಕೊಂಡರು. ಅದಕ್ಕೆ ಅವರ ಮಾತಿನಲ್ಲಿ ‘ತೂಕ್’ ಎಂದು ಹೆಸರು. ಮಹಾಸರೋವರಗಳ ಸುತ್ತಲಿನ ಒಜಿಬ್ವೆ ಜನ ರಂಧ್ರದ ಮೇಲೆ ಬೆಳಕು ನುಸುಳದ ಗುಡಾರ ಹೂಡಿ, ಮರದಲ್ಲಿ ಕೆತ್ತಿದ ಪುಟ್ಟ ಮೀನನ್ನು ನೀರಿಗೆ ಬಿಟ್ಟು ಕುಣಿಸುತ್ತಿದ್ದರು. ಕತ್ತಲೆಯಲ್ಲಿ ಕೂತವನಿಗೆ ಕೆಳಗಿನ ನೀರು ಬೆಳಗಿ ಕಾಣುತ್ತದೆ. ಬೊಂಬೆಗೆ ಮರುಳಾಗಿ ಬಂದ ದೊಡ್ಡ ಮೀನಿಗೆ ಈಟಿ ಬೀಳುತ್ತದೆ. ಆ ಮರದ ಮೀನುಗಳು ಈಗ ವಸ್ತುಸಂಗ್ರಹಾಲಯಗಳ ಗಾಜಿನ ಪೆಟ್ಟಿಗೆ ಸೇರಿವೆ. ಯೂರೋಪಿನಲ್ಲಿ ಸ್ವೀಡನ್ನಿನ ಪಾದ್ರಿ ಓಲಾಸ್ ಮ್ಯಾಗ್ನಸ್ 1539ರಲ್ಲಿ ಅಚ್ಚು ಹಾಕಿಸಿದ ಉತ್ತರ ದೇಶಗಳ ಭೂಪಟದಲ್ಲಿ ಗಡ್ಡೆಯಡಿ ಬಲೆ ಹಾಯಿಸುವವರ ಚಿತ್ರವುಂಟು.

ಎಲ್ಲ ಕಡೆಯೂ ಆಯುಧ ಮಾತ್ರ ಒಂದೇ ಜಾತಿಯದು: ಎತ್ತಿ ಕುಕ್ಕುವ ಉಳಿ, ಇಲ್ಲವೆ ಕೊಡಲಿ. ನಮ್ಮ ರೈತ ಗುಂಡಿ ತೋಡಲು ಹಾರೆ ಹಾಕುವುದನ್ನು ನೋಡಿದವರಿಗೆ ಇದರ ಶ್ರಮ ಅರ್ಥವಾದೀತು. ಗಾಂಧೀಜಿಯವರ ಮೂಲಕ ನಮಗೆ ಪರಿಚಿತನಾದ ಥೋರೋ ಮಹಾಶಯ ವಾಲ್ಡನ್ ಕೊಳದ ಬದಿಯ ತನ್ನ ಗುಡಿಸಿಲಿನಿಂದ ಬೆಳಗ್ಗೆ ನೀರು ತರಲು ಹೊರಡುವಾಗ ಬಕೆಟ್ಟಿನ ಜೊತೆಗೆ ಕೊಡಲಿಯನ್ನೂ ಒಯ್ಯಬೇಕಾಗಿತ್ತು. ಆ ಕೊಳಕ್ಕೆ ತಳವೇ ಇಲ್ಲವೆಂದು ಊರವರ ನಂಬಿಕೆ. 1846ರ ಚಳಿಗಾಲದ ಕೊನೆಯಲ್ಲಿ ಅವನು ದಾರಕ್ಕೆ ಕಲ್ಲು ಕಟ್ಟಿ ನೂರಕ್ಕೂ ಹೆಚ್ಚು ಕಡೆ ಆಳ ನೋಡಿದ. ಅತ್ಯಂತ ಆಳವಾದೆಡೆ 102 ಅಡಿ ಎಂದು ಬಂತು. ಇಂದಿನ ಉಪಕರಣಗಳ ಅಳತೆಯೂ ಹೆಚ್ಚುಕಡಿಮೆ ಅದೇ.

ಮುಂದಿನ ಚಳಿಗಾಲದಲ್ಲಿ ಅದೇ ಕೊಳಕ್ಕೆ ಕೂಲಿಯಾಳುಗಳ ದೊಡ್ಡ ತಂಡವೊಂದು ಬಂದಿಳಿಯಿತು. ಇವರು ಬಂದದ್ದು ಮೀನಿಗಲ್ಲ, ಗಡ್ಡೆಗೇ. ಬೋಸ್ಟನ್ನಿನ ವರ್ತಕ ಫ್ರೆಡರಿಕ್ ಟ್ಯೂಡರ್ 1833ರ ಮೇ ತಿಂಗಳಲ್ಲಿ ‘ಟಸ್ಕನಿ’ ಎಂಬ ಹಡಗಿನಲ್ಲಿ 180 ಟನ್ನು ಮಂಜುಗಡ್ಡೆ ತುಂಬಿಸಿ ಕಲ್ಕತ್ತೆಗೆ ಕಳಿಸಿದ್ದ. ನಾಲ್ಕು ತಿಂಗಳ ಪ್ರಯಾಣದ ಮೇಲೆ ಸುಮಾರು 100 ಟನ್ನು ಕರಗದೆ ಉಳಿದಿತ್ತು. ಬಳಿಕ ಮದರಾಸು, ಮುಂಬಯಿಗಳಿಗೂ ಗಡ್ಡೆ ಬಂತು. 1897ರಲ್ಲಿ ಸ್ವಾಮಿ ವಿವೇಕಾನಂದರು ತಂಗಿದ್ದ ಮದರಾಸಿನ ಕಡಲದಂಡೆಯ ಕಟ್ಟಡವನ್ನು ಹಳಬರು ಇಂದಿಗೂ ‘ಐಸ್ ಹೌಸ್’ ಎನ್ನುವುದು ಈ ವ್ಯಾಪಾರದ ನೆನಪಿನಿಂದಲೇ. ಇಲ್ಲಿ ಗಮನಿಸತಕ್ಕದ್ದೆಂದರೆ, ಗಡ್ಡೆ ಕೊಯ್ಯುವವರಿಗೆ 1825ರ ಸುಮಾರಿಗೇ ನೆಥಾನಿಯೆಲ್ ವಯತ್ ಎಂಬಾತ ಕುದುರೆ ಎಳೆಯುವ ಹಲ್ಲಿನ ನೇಗಿಲನ್ನು ಮಾಡಿಕೊಟ್ಟಿದ್ದ. ಗಡ್ಡೆ ಸರಕಾಗಿದ್ದ ಕಡೆ ಯಂತ್ರ ಬೇಗ ಬಂತು. ಮೀನು ಹಿಡಿಯುವವನು ಬಡವ. ಅವನ ಕೈಯಲ್ಲಿ ಉಳಿಯೇ ಉಳಿಯಿತು.

ಉಳಿಯಿಂದ ಬೈರಿಗೆಗೆ ಬಂದದ್ದು ದೊಡ್ಡ ಹೆಜ್ಜೆ. ನಮ್ಮ ಬಡಗಿಯ ಹಳೆಯ ಬೈರಿಗೆಯನ್ನು ನೆನೆಯೋಣ. ದಾರ ಸುತ್ತಿ ಹಿಂದಕ್ಕೂ ಮುಂದಕ್ಕೂ ಎಳೆದಾಡಿದಂತೆ ಅದು ತಿರುತಿರುಗಿ ಮರವನ್ನು ಕೊರೆಯುತ್ತದೆ. ಆದರೆ ಕೊರೆದ ಪುಡಿಯನ್ನು ತಾನೇ ಹೊರಗೆ ಹಾಕದು. ಒಂದೇ ದಿಕ್ಕಿಗೆ ತಿರುಗುವ ಸುರುಳಿರೆಕ್ಕೆಯ ಬೈರಿಗೆ ಕೊರೆಯುವುದು ತುದಿಯ ಅಲಗಿನಿಂದ, ಹೊರುವುದು ಮೈಯ ಸುರುಳಿಯಿಂದ. ಆರ್ಕಿಮಿಡೀಸನ ಹೆಸರಿನಲ್ಲಿರುವ ನೀರೆತ್ತುವ ತಿರುಪು ಇದೇ ತತ್ತ್ವದ್ದು. ಮಂಜುಗಡ್ಡೆಯಲ್ಲಿ ಈ ಎರಡನೆಯ ಕೆಲಸವೇ ಮುಖ್ಯ. ಪುಡಿ ಕೆಳಗೇ ಉಳಿದರೆ ಅಲಗು ಅದರಲ್ಲೇ ಅರೆಯುತ್ತ ಸುತ್ತುವುದಲ್ಲದೆ ಮುಂದಕ್ಕಿಳಿಯದು. ಚಾಕುಗಳಿಗೆ ಹೆಸರಾದ ಸ್ವೀಡನ್ನಿನ ಮೋರಾ ಊರಿನ ಹೆಸರನ್ನೇ ಹೊತ್ತ ಕೈಬೈರಿಗೆಗಳು ಇಪ್ಪತ್ತನೆಯ ಶತಮಾನದಲ್ಲಿ ಅಮೆರಿಕದ ಸರೋವರಗಳಲ್ಲಿ ಮನೆಮಾತಾದವು. ಅಲ್ಲಿಗೆ ವಲಸೆ ಹೋದ ಸ್ವೀಡಿಷರು ಮಿನ್ನೆಸೋಟದಲ್ಲಿಯೂ ಒಂದು ಮೋರಾ ಊರನ್ನು ಮಾಡಿಕೊಂಡಿದ್ದರು! ಹಿಡಿಯ ಗುಂಡನ್ನು ಎದೆಗೊತ್ತಿ ಬಾಗಿದ ಕಂಬಿಯನ್ನು ತಿರುವಿದರೆ ಒಂದಡಿ ಗಡ್ಡೆಗೆ ಬೆವರು ಬರುವುದು ನಿಜ. ಆದರೂ ಉಳಿಗೆ ಹೋಲಿಸಿದರೆ ಅದು ಸುಖವೇ.

ಎರಡನೆಯ ಮಹಾಯುದ್ಧದ ತರುವಾಯ ಪೆಟ್ರೋಲ್ ಎಂಜಿನ್ ಕೂರಿಸಿದ ಬೈರಿಗೆಗಳು ಬಂದವು. ಅವುಗಳ ವಿಷಯ ಹೆಚ್ಚು ಹೇಳುವಂಥದಿಲ್ಲ. ಬಲವೇನೋ ಅಪಾರ. ಆದರೆ ಮೂವತ್ತು ಪೌಂಡಿನಷ್ಟು ಭಾರ, ಚಳಿಯಲ್ಲಿ ಹೊತ್ತಿಕೊಳ್ಳದ ಹಟ, ಕಿವಿಗಡಚಿಕ್ಕುವ ಸದ್ದು, ಹೊಗೆ. ಮೌನಕ್ಕಾಗಿ ಸರೋವರಕ್ಕೆ ಹೋದವನು ಮೊದಲು ಮಾಡುತ್ತಿದ್ದುದು ಮೌನವನ್ನು ಕೆಡಿಸುವ ಕೆಲಸ.

ಇತ್ತ ಬಡಗಿಯ ಬೈರಿಗೆ ಬೇರೆಯೇ ಹಾದಿಯಲ್ಲಿ ಬೆಳೆಯುತ್ತಿತ್ತು. 1889ರಲ್ಲಿ ಮೆಲ್ಬರ್ನಿನ ಆರ್ನಟ್ ಮತ್ತು ಬ್ರೈನ್ ಎಂಬಿಬ್ಬರು ವಿದ್ಯುತ್ ಕೊರೆಯಂತ್ರಕ್ಕೆ ಪೇಟೆಂಟ್ ಪಡೆದರು. ಅದು ಬಂಡೆ, ಕಲ್ಲಿದ್ದಲುಗಳಿಗಾಗಿ. 1895ರಲ್ಲಿ ಸ್ಟುಟ್‌ಗಾರ್ಟಿನ ಫೈನ್ ಕಾರ್ಖಾನೆ ಕೈಯಲ್ಲಿ ಹಿಡಿಯಬಹುದಾದುದನ್ನು ಮಾಡಿತು. ಬಾಲ್ಟಿಮೋರಿನ ಬ್ಲ್ಯಾಕ್ ಮತ್ತು ಡೆಕರ್ ಎಂಬ ಇಬ್ಬರು ಗೆಳೆಯರು ಅದಕ್ಕೆ ಪಿಸ್ತೂಲಿನ ಹಿಡಿಯನ್ನೂ ಕುದುರೆಯನ್ನೂ ಕೊಟ್ಟು 1917ರಲ್ಲಿ ಪೇಟೆಂಟ್ ಪಡೆದರು. ಇಂದಿಗೂ ಆ ಆಕಾರ ಬದಲಾಗಿಲ್ಲ. ಅವರ ಕಂಪೆನಿಯೇ 1961ರಲ್ಲಿ ತಂತಿಯನ್ನು ಕತ್ತರಿಸಿ, ಹಿಡಿಯೊಳಗೆ ನಿಕ್ಕಲ್-ಕ್ಯಾಡ್ಮಿಯಮ್ ಬ್ಯಾಟರಿ ಇಟ್ಟಿತು. ಆ ಬ್ಯಾಟರಿಯನ್ನು 1899ರಲ್ಲಿ ಕಂಡುಹಿಡಿದ ವಾಲ್ಡೆಮಾರ್ ಯುಂಗ್ನರ್ ಕೂಡ ಸ್ವೀಡನ್ನಿನವನೇ ಎಂಬುದು ಸ್ವಾರಸ್ಯದ ಸಂಗತಿ.

ತಂತಿಯಿಲ್ಲದ ಡ್ರಿಲ್ ಚಂದ್ರಯಾನದ ಕೊಡುಗೆ ಎಂಬ ಮಾತು ಬಹಳ ಕೇಳಿಬರುತ್ತದೆ. ಇದು ತಪ್ಪು, ಮೇಲಿನ ತಾರೀಖೇ ಅದನ್ನು ಹೇಳುತ್ತದೆ. ಆದರೆ ಚಂದ್ರನ ಮೇಲೆ ಬೈರಿಗೆ ಪಟ್ಟ ಪಾಡು ನಮ್ಮ ವಿಷಯಕ್ಕೆ ನೇರವಾಗಿ ಸಂಬಂಧಿಸಿದ್ದು. 1971ರಲ್ಲಿ ಅಪೋಲೋ 15ರ ಯಾತ್ರಿಕ ಡೇವಿಡ್ ಸ್ಕಾಟ್, ನೆಲದೊಳಗಿನ ಉಷ್ಣ ಅಳೆಯಲು ಮೂರು ಮೀಟರು ಇಳಿಯಬೇಕಾಗಿದ್ದ ರಂಧ್ರವನ್ನು ಬ್ಯಾಟರಿಯ ಬೈರಿಗೆಯಿಂದ ಕೊರೆಯಹೊರಟ. ಸುಮಾರು ಅರ್ಧಕ್ಕೇ ಅದು ನಿಂತಿತು. ಕಾರಣ, ಕೊಳವೆಗಳ ಜೋಡಣೆಯಿದ್ದ ಕಡೆ ಹೊರಮೈಯ ಸುರುಳಿ ಕಡಿದುಹೋಗಿತ್ತು. ಧೂಳು ಮೇಲೇರಲು ದಾರಿಯಿರಲಿಲ್ಲ. ಮಾದರಿಗಾಗಿ ಇಳಿಸಿದ್ದ ಇನ್ನೊಂದು ಕೊಳವೆಯನ್ನು ಕೀಳಲು ಸ್ಕಾಟ್ ಮತ್ತು ಇರ್ವಿನ್ ಇಬ್ಬರೂ ಹೆಗಲು ಕೊಡಬೇಕಾಯಿತು. ಮುಂದಿನ ಯಾತ್ರೆಗೆ ಸುರುಳಿಯನ್ನು ಸರಿಪಡಿಸಿದ ಮೇಲೆ ಬೈರಿಗೆ ಸಲೀಸಾಗಿ ಇಳಿಯಿತು. ಕೊರೆಯುವುದಕ್ಕಿಂತ ಕೊರೆದದ್ದನ್ನು ಎತ್ತಿ ಹಾಕುವುದೇ ಹೆಚ್ಚಿನದೆಂದು ಮೀನುಗಾರ ಕಂಡುಕೊಂಡದ್ದನ್ನು ಚಂದ್ರನ ಮೇಲೂ ಕಲಿಯಬೇಕಾಯಿತು.

ಮೊದಮೊದಲ ಕಾರ್ಡ್‌ಲೆಸ್ ಡ್ರಿಲ್ಲುಗಳಿಗೆ ಮರದ ಹಲಗೆಯೇ ಭಾರವಾಗಿತ್ತು. ಒಂದಡಿ ಗಡ್ಡೆಯ ಮಾತು ದೂರ. 1991ರಲ್ಲಿ ಸೋನಿ ಕಂಪೆನಿ ಮಾರಾಟಕ್ಕೆ ತಂದ ಲಿಥಿಯಮ್-ಅಯಾನ್ ಬ್ಯಾಟರಿ 2005ರಲ್ಲಿ ಮಿಲ್ವಾಕಿ ಕಂಪೆನಿಯ 28 ವೋಲ್ಟಿನ ಉಪಕರಣಗಳೊಳಗೆ ಬಂದಾಗ ಸ್ಥಿತಿ ಬದಲಾಯಿತು. ಅನಂತರ ಕಾರ್ಬನ್ ಬ್ರಷ್ಷುಗಳಿಲ್ಲದ ಮೋಟಾರೂ ಸೇರಿತು. ಸರೋವರದ ಬದಿಯ ಜನ ತಮ್ಮ ಶೆಡ್ಡಿನಲ್ಲೇ ಹಳೆಯ ಕೈಬೈರಿಗೆಯ ಹಿಡಿ ಕಳಚಿ, ಅದರ ಕಾಂಡವನ್ನು ಡ್ರಿಲ್ಲಿನ ಅರ್ಧ ಅಂಗುಲದ ಬಾಯಿಗೆ ಹೊಂದಿಸಿಕೊಂಡರು. ಅಂಗಡಿಗಳಲ್ಲಿ ಅದಕ್ಕೆಂದೇ ಜೋಡಣೆಗಳೂ ಹಗುರವಾದ ಸುರುಳಿಗಳೂ ದೊರೆಯತೊಡಗಿದವು. ಪ್ರಯೋಗಶಾಲೆಗಿಂತ ಹಿತ್ತಲಿನಲ್ಲಿ ಕೂಡಿಬಂದ ಇಂಥ ಯಂತ್ರಗಳ ಮೇಲೆ ನನಗೆ ಒಂದು ಬಗೆಯ ಪಕ್ಷಪಾತವಿದೆ.

ಹಾಗೆಂದು ಅದು ಸಾಧುವಾದ ಯಂತ್ರವೆಂದು ತಿಳಿಯಬಾರದು. ಗಡ್ಡೆಯ ಕೊನೆಯ ಪದರ ಒಮ್ಮೆಗೇ ಒಡೆಯುವಾಗ ಅಲಗು ಅಂಚಿಗೆ ಸಿಕ್ಕಿಕೊಳ್ಳುತ್ತದೆ. ಸುರುಳಿ ನಿಲ್ಲುತ್ತದೆ, ಮೋಟಾರು ನಿಲ್ಲದು. ಆಗ ಡ್ರಿಲ್ಲೇ ಗಿರಕ್ಕನೆ ತಿರುಗಿ ಮಣಿಕಟ್ಟು ಉಳುಕಿಸುತ್ತದೆ. ಅದಕ್ಕೆಂದೇ ಪಕ್ಕದ ಹಿಡಿಯನ್ನು ಬಿಡದೆ ಹಾಕಿಕೊಂಡು, ನಿಧಾನದ ಗಿಯರಿನಲ್ಲಿ ಓಡಿಸಬೇಕು. ಬಾಯಿಯ ಹಿಡಿತ ಸಡಿಲಿದರೆ ಸುರುಳಿ ನೇರ ಕೆರೆಯ ತಳ ಸೇರುತ್ತದೆ. ಹೀಗಾಗದಂತೆ, ರಂಧ್ರಕ್ಕಿಂತ ಅಗಲವಾದ ಬಿಲ್ಲೆಯೊಂದನ್ನು ಕಾಂಡಕ್ಕೆ ಕೋದಿರುತ್ತಾರೆ. ಇನ್ನು ಬ್ಯಾಟರಿ: ಚಳಿಯಲ್ಲಿ ಅದರೊಳಗಿನ ರಾಸಾಯನಿಕ ಕ್ರಿಯೆ ಮಂದವಾಗಿ ಬಲ ಕುಗ್ಗುತ್ತದೆ. ಹೆಪ್ಪುಗಟ್ಟುವ ಚಳಿಯಲ್ಲಿ ಚಾರ್ಜು ಮಾಡಿದರಂತೂ ಲಿಥಿಯಮ್ ಲೋಹ ಒಳಗೆ ಪದರಗಟ್ಟಿ ಬ್ಯಾಟರಿಯೇ ಕೆಡುತ್ತದೆ. ಈ ಒಂದು ವಿಷಯದಲ್ಲಿ ಯುಂಗ್ನರನ ಹಳೆಯ ಬ್ಯಾಟರಿಯೇ ಗಟ್ಟಿಗ. ಆದುದರಿಂದ ಬುದ್ಧಿವಂತರು ಬ್ಯಾಟರಿಯನ್ನು ಕೋಟಿನ ಒಳಜೇಬಿನಲ್ಲಿ, ಮರಿಯನ್ನು ಕಾಯುವಂತೆ, ಮೈಬಿಸಿಗೆ ಇಟ್ಟುಕೊಂಡು ಹೋಗುತ್ತಾರೆ.

ಹಳೆಯ ಉಳಿಗೆ ಇನ್ನೊಂದು ಉಪಯೋಗವಿತ್ತು. ನಡೆಯುವವನು ಹೆಜ್ಜೆಹೆಜ್ಜೆಗೂ ಮುಂದೆ ಕುಕ್ಕಿ ನೋಡುತ್ತಿದ್ದ. ಸದ್ದಿನಿಂದಲೇ ಗಡ್ಡೆಯ ದಪ್ಪ ತಿಳಿಯುತ್ತಿತ್ತು. ಒಬ್ಬ ಮನುಷ್ಯ ನಡೆಯಲು ಹೊಸದಾದ, ತಿಳಿಯಾದ ಗಡ್ಡೆ 4 ಅಂಗುಲವಾದರೂ ಇರಬೇಕೆಂಬುದು ಮಿನ್ನೆಸೋಟ ಸರ್ಕಾರದ ಎಚ್ಚರಿಕೆ. ಬೆಳ್ಳಗಿದ್ದರೆ ಅದರ ಎರಡರಷ್ಟು. ಬೈರಿಗೆ ಹಗುರಾದಂತೆ ಜನ ದೂರ ಹೋಗುವುದೂ ಹೆಚ್ಚಿತು, ಗಡ್ಡೆ ನಿಲ್ಲುವ ಕಾಲವಾದರೋ ಕಡಿಮೆಯಾಯಿತು. ವಿಸ್ಕಾನ್ಸಿನ್ನಿನ ಮೆಂಡೋಟ ಸರೋವರದ ದಾಖಲೆ 1850ರ ದಶಕದಿಂದ ಇದೆ. ಅಂದು ಸುಮಾರು ನಾಲ್ಕು ತಿಂಗಳು ನಿಲ್ಲುತ್ತಿದ್ದ ಗಡ್ಡೆ ಈಗ ಹೆಚ್ಚುಕಡಿಮೆ ಒಂದು ತಿಂಗಳು ಕುಗ್ಗಿದೆ. ಜಪಾನಿನ ಸುವಾ ಸರೋವರದಲ್ಲಿ ಗಡ್ಡೆ ಬಿರಿದು ಏಳುವ ದಿಬ್ಬವನ್ನು ದೇವರು ನಡೆದುಹೋದ ದಾರಿಯೆಂದು ಅರ್ಚಕರು 1443ರಿಂದ ಬರೆದಿಡುತ್ತ ಬಂದಿದ್ದಾರೆ. ದಿಬ್ಬವೇಳದ ವರ್ಷ ‘ತೆರೆದ ಕಡಲು’ ಎಂದು ಬರೆಯುವುದು ವಾಡಿಕೆ. 2019ರಿಂದ 2025ರವರೆಗೆ ಏಳು ವರ್ಷವೂ ಅವರು ಅದನ್ನೇ ಬರೆಯಬೇಕಾಯಿತು. 2023ರ ಡಿಸೆಂಬರ್ 29ರಂದು ಮಿನ್ನೆಸೋಟದ ಅಪ್ಪರ್ ರೆಡ್ ಸರೋವರದಲ್ಲಿ ಮೀನು ಹಿಡಿಯುತ್ತಿದ್ದವರ ಕಾಲಡಿಯ ಗಡ್ಡೆ ದಡದಿಂದ ಕಡಿದುಕೊಂಡು ತೇಲಿಹೋಯಿತು. ನೂರಕ್ಕೂ ಹೆಚ್ಚು ಮಂದಿಯನ್ನು ದೋಣಿಗಳಲ್ಲಿ ದಡ ಮುಟ್ಟಿಸಿದರು. ಪುಣ್ಯಕ್ಕೆ ಯಾರ ಪ್ರಾಣವೂ ಹೋಗಲಿಲ್ಲ. ಅದೇ ಚಳಿಗಾಲದಲ್ಲಿ, ಸ್ವಯಂಸೇವಕರು ಸಾವಿರಾರು ರಂಧ್ರ ಕೊರೆದು ನಡೆಸುವ ಬ್ರೇನರ್ಡ್ ಊರಿನ ಮೀನುಗಾರಿಕೆಯ ಪಂದ್ಯ ಗಡ್ಡೆ ಸಾಲದೆ ರದ್ದಾಯಿತು.

ಬಡಗಿಯ ಬೈರಿಗೆಗೆ ಮೀನಿನ ರಂಧ್ರಕ್ಕಿಂತ ದೊಡ್ಡ ಕೆಲಸ ಇಲ್ಲಿದೆ ಎಂದು ನನ್ನ ಅನಿಸಿಕೆ. ಥೋರೋ ಇಡೀ ಕೊಳದುದ್ದಕ್ಕೂ ಮಾಡಿದಂತೆ ಜಾಗಜಾಗಕ್ಕೂ ಅಳೆಯುವುದು ಇಂದು ಕಷ್ಟವಲ್ಲ. ಒಂದು ಪರೀಕ್ಷೆಯ ರಂಧ್ರಕ್ಕೆ ಕೆಲವು ಸೆಕೆಂಡು ಸಾಕು. ಅನುಭವಿಗಳು ದಡದ ಬಳಿಯೇ ಮೊದಲ ರಂಧ್ರ ಕೊರೆಯುತ್ತಾರೆ. ತುದಿ ಬಾಗಿದ ಅಳತೆಕೋಲನ್ನು ಇಳಿಸಿ, ಕೊಕ್ಕೆಯನ್ನು ಗಡ್ಡೆಯ ಕೆಳಅಂಚಿಗೆ ತಾಗಿಸಿ, ಮೇಲೆ ಎಷ್ಟಿದೆಯೆಂದು ಓದುತ್ತಾರೆ. ಮತ್ತಷ್ಟು ಹೆಜ್ಜೆ, ಮತ್ತೊಂದು ರಂಧ್ರ. ಅಂಕಿ ನಾಲ್ಕಕ್ಕಿಂತ ಇಳಿದರೆ ಸುರುಳಿಯನ್ನು ಕಳಚಿ, ಬ್ಯಾಟರಿಯನ್ನು ಒಳಜೇಬಿಗೆ ಸೇರಿಸಿ, ಬಂದ ಹೆಜ್ಜೆಯ ಗುರುತಿನ ಮೇಲೆಯೇ ದಡಕ್ಕೆ ಹಿಂದಿರುಗುತ್ತಾರೆ.