ಕ್ವಾಟ್ರಸ್

ಭದ್ರಾವತಿಯಲ್ಲಿ ಬೆಳೆದ ನಮಗೆ ‘ಮನೆ’ ಎಂಬ ಮಾತಿಗಿಂತ ‘ಕ್ವಾಟ್ರಸ್’ ಎಂಬ ಮಾತೇ ಹೆಚ್ಚು ಬಳಕೆಯಲ್ಲಿತ್ತು. ಶಾಲೆಯಲ್ಲಿ ಯಾರಾದರೂ ‘ನಿಮ್ಮ ಮನೆ ಎಲ್ಲಿ?’ ಎಂದು ಕೇಳಿದರೆ, ‘ನಮಗೆ ಕ್ವಾಟ್ರಸ್ ಇದೆ’ ಎಂದು ಬೀಗುತ್ತಿದ್ದೆವು. ಅದು ಇಂಗ್ಲಿಷಿನ ‘ಕ್ವಾರ್ಟರ್ಸ್’ ಎಂದು ತಿಳಿದದ್ದು ಎಷ್ಟೋ ವರ್ಷಗಳ ಮೇಲೆ.

ಈ ಶಬ್ದದ ಮೂಲ ಲ್ಯಾಟಿನ್ನಿನ ‘ಕ್ವಾರ್ಟಸ್’, ಎಂದರೆ ನಾಲ್ಕನೆಯದು. ಅದರಿಂದ ‘ನಾಲ್ಕರಲ್ಲೊಂದು ಪಾಲು’ ಎಂಬ ಅರ್ಥ ಹುಟ್ಟಿ, ಫ್ರೆಂಚಿನ ಮೂಲಕ ಇಂಗ್ಲಿಷನ್ನು ಸೇರಿತು. ನಮ್ಮ ‘ಕಾಲು’ ಅಂಗವೂ ಹೌದು, ಪಾಲೂ ಹೌದು. ಸಂಸ್ಕೃತದ ‘ಪಾದ’ವೂ ಹಾಗೆಯೇ. ಇಂಗ್ಲಿಷಿನಲ್ಲಿ ಪಾಲಿನ ಅರ್ಥ ಹಿಗ್ಗಿ, ನಮ್ಮ ‘ಕೇರಿ’ಯಂತೆ ಊರಿನ ಒಂದು ಭಾಗವಾಯಿತು. ಮುಂದೆ ಸೈನಿಕರು ತಂಗುವ ಬಿಡಾರವಾಯಿತು. ಶರಣಾದ ಶತ್ರುವಿನ ಪ್ರಾಣ ಉಳಿಸುವುದಕ್ಕೂ ‘ಕ್ವಾರ್ಟರ್’ ಕೊಡುವುದೆಂದೇ ಹೆಸರು. ಸೆರೆಸಿಕ್ಕವನಿಗೆ ತಂಗಲು ಎಡೆ ಕೊಟ್ಟದ್ದರಿಂದ ಆ ಅರ್ಥ ಬಂದಿರಬೇಕೆಂದು ಊಹೆ.

ಈ ದಂಡಿನ ಮಾತು ಭದ್ರೆಯ ದಂಡೆಯಲ್ಲಿ ಮನೆಮಾತಾದದ್ದು ಕಬ್ಬಿಣದ ದೆಸೆಯಿಂದ. ಬೆಂಕಿಪುರವೆಂದು ಹಳೆಯ ಹೆಸರುಳ್ಳ ಈ ಊರಿನಲ್ಲಿ ಮೈಸೂರು ಸರ್ಕಾರದ ಕಬ್ಬಿಣದ ಕಾರ್ಖಾನೆಯ ಕುಲುಮೆ 1923ರಲ್ಲಿ ಉರಿಯಿತು. ಕೆಮ್ಮಣ್ಣುಗುಂಡಿಯ ಅದಿರು, ಮಲೆನಾಡಿನ ಇದ್ದಿಲು ಅದಕ್ಕೆ ಆಹಾರ. 1936ರಲ್ಲಿ ಕಾಗದದ ಕಾರ್ಖಾನೆಯೂ ಸ್ಥಾಪನೆಯಾಯಿತು. ಕೆಲಸ ಅರಸಿ ಕನ್ನಡಿಗರಷ್ಟೇ ಅಲ್ಲ, ತಮಿಳರೂ ತೆಲುಗರೂ ಬಂದರು. ಸಾಲುಮನೆಗಳೆದ್ದು ನ್ಯೂಟೌನ್, ಪೇಪರ್‌ಟೌನ್ ಬೆಳೆದವು. ಎಲ್ಲರ ನಾಲಗೆಯಲ್ಲಿ ಹೊರಳಿ ‘ಕ್ವಾರ್ಟರ್ಸ್’ ‘ಕ್ವಾಟ್ರಸ್’ ಆಯಿತು. ಇಂಗ್ಲಿಷಿನ ಬಹುವಚನ ನಮಗೆ ಏಕವಚನವಾಗಿ, ಮತ್ತೆ ಅದಕ್ಕೊಂದು ‘ಗಳು’ ಸೇರಿತು.

ಆದರೆ ಹುಟ್ಟುಗುಣ ಸುಟ್ಟರೂ ಹೋಗದಷ್ಟೆ. ಕ್ವಾಟ್ರಸ್ ಎಂದರೆ ಇನ್ನೊಬ್ಬರ ಸೊತ್ತಿನಲ್ಲಿ ನಮಗೆ ಸಂದ ಪಾಲು. ಅದೂ ಕೆಲಸವಿರುವ ತನಕ. ತಂದೆಯವರು ನಿವೃತ್ತರಾದಾಗ ಬೀಗದ ಕೈ ಒಪ್ಪಿಸಿ ಶಿವಮೊಗ್ಗದ ಸ್ವಂತ ಮನೆಗೆ ಬಂದೆವು. ಅಮ್ಮ ಹಿತ್ತಲಿನಲ್ಲಿ ನೆಟ್ಟ ಸೀಬೆಮರ ಅಲ್ಲಿಯೇ ಉಳಿಯಿತು.

2015ರ ಸುಮಾರಿಗೆ ಕಾಗದದ ತಯಾರಿಕೆ ನಿಂತಿತು. 2023ರ ಜನವರಿಯಲ್ಲಿ ಕಬ್ಬಿಣದ ಕಾರ್ಖಾನೆಯನ್ನೂ ಮುಚ್ಚುವ ತೀರ್ಮಾನ ಹೊರಬಿತ್ತು. ಅದೇ ವರ್ಷ ಅದರ ಒಂದು ಭಾಗ ಮತ್ತೆ ಓಡಿತೆಂದು ಪತ್ರಿಕೆಯಲ್ಲಿ ಓದಿದಾಗ, ಪ್ರಾಣ ಉಳಿಸುವ ಆ ಇನ್ನೊಂದು ‘ಕ್ವಾರ್ಟರ್’ ನೆನಪಾಯಿತು.

ಶಿವಮೊಗ್ಗದ ಮನೆಯ ಪತ್ರ ಅಮ್ಮನ ಹೆಸರಿನಲ್ಲಿಯೇ ಇದೆ. ಆದರೂ ದೇವಸ್ಥಾನದಿಂದ ಹೊರಟಾಗ ಆಕೆ ಇಂದಿಗೂ, ‘ಹೊತ್ತಾಯಿತು, ಕ್ವಾಟ್ರಸ್ಸಿಗೆ ಹೋಗೋಣ ನಡಿ’ ಎನ್ನುತ್ತಾಳೆ. ನಾನು ತಿದ್ದಲು ಹೋಗುವುದಿಲ್ಲ.